ಟ್ರಸ್ಟಿನವರು ಮಂತ್ರಾಲಯದ ಮೆಟ್ಟಿಲು ಹತ್ತಬಹುದೇ?

ಪ್ರಶ್ನೆ: ನಾನು ಭಾಂಡುಪ್‌ನ ಭಜನಾ ಮಂಡಳಿಯೊಂದರ ಕಾರ್ಯದರ್ಶಿ. ಶನಿವಾರದ ಭಜನೆ, ವರ್ಷಕ್ಕೊಂದು ಶನಿಪೂಜೆ ಎಂದು ಶುರುವಾದ ಮಂಡಳಿ ಈಗ ನೋಂದಾಯಿತ ಸಾರ್ವಜನಿಕ ಟ್ರಸ್ಟ್. 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಎರಡೂ ಇವೆ. ಊರಿನಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಪರೇಲ್‌ಗೆ ಬರುವವರಿಗೆ ಎರಡು ಬಾಡಿಗೆ ಮನೆಗಳಲ್ಲಿ ವಸತಿ, ಊಟ ಕೊಡುತ್ತೇವೆ. ಜಾಗ ಸಾಲದೆ ಎಷ್ಟೋ ಮಂದಿ ಫುಟ್‌ಪಾತಿನಲ್ಲೇ ಮಲಗುತ್ತಾರೆ. ಪಾಲಿಕೆಯ ಖಾಲಿ ಬಿದ್ದ ಕಟ್ಟಡವೊಂದನ್ನು ರೋಗಿಗಳ ಕಡೆಯವರ ವಾಸಕ್ಕೆ ಕೊಡಬೇಕು, ಆಯುಷ್ಮಾನ್ ಕಾರ್ಡಿನ ಕೆಲಸಕ್ಕೆ ಕರ್ನಾಟಕ ಸರಕಾರ ಇಲ್ಲಿ ಕನ್ನಡ ಬಲ್ಲ ಒಬ್ಬ ಸಿಬ್ಬಂದಿಯನ್ನು ಇಡಬೇಕು ಎಂದು ಮನವಿ ಕೊಡಬೇಕೆಂದಿದ್ದೇವೆ. ಸಮಿತಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಖಜಾಂಚಿಯವರು ‘ಇದು ರಾಜಕೀಯ, 80ಜಿ ಹೋಗುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಪೂಜೆಯ ದಿನ ಶಾಸಕರನ್ನು ಕರೆದು ಸನ್ಮಾನ ಮಾಡಿ ವೇದಿಕೆಯಲ್ಲೇ ಮನವಿ ಕೊಡೋಣ, ನಮ್ಮ ಮತಗಳು ಎಷ್ಟಿವೆ ಎಂದೂ ಹೇಳೋಣ’ ಎನ್ನುತ್ತಾರೆ. ಅಧ್ಯಕ್ಷರಿಗೆ ಪರಿಚಯದ ಒಬ್ಬ ವ್ಯಕ್ತಿ ಮೂರು ಲಕ್ಷಕ್ಕೆ ಕೆಲಸ ಮಾಡಿಸಿಕೊಡುವುದಾಗಿ ಹೇಳಿ ಇಪ್ಪತ್ತೈದು ಸಾವಿರ ಮುಂಗಡ ನಗದಾಗಿ ಒಯ್ದಿದ್ದಾನೆ. ಅದನ್ನು ಸದ್ಯಕ್ಕೆ ‘ಅನ್ನದಾನ ಖರ್ಚು’ ಎಂದು ಬರೆದಿದ್ದೇವೆ. ಅಮೆರಿಕದಲ್ಲಿರುವ ಸದಸ್ಯರ ಮಗ ಅಲ್ಲಿನ ಸೇವಾ ಸಂಸ್ಥೆಗಳು ಇಂಥ ಖರ್ಚನ್ನೆಲ್ಲ ಬಹಿರಂಗಪಡಿಸಬೇಕು ಎನ್ನುತ್ತಾನೆ. ನಾವು ಏನು ಮಾಡಬೇಕು?

ಉತ್ತರ:

ಕಾರ್ಯದರ್ಶಿಗಳೇ, ಮುಂಬೈಗೆ ಬಂದ ಹೊಸತರಲ್ಲಿ ನಮ್ಮ ಸೋದರತ್ತೆಗೆ ‘ನಾಳೆ ಮಂತ್ರಾಲಯಕ್ಕೆ ಹೋಗಬೇಕು’ ಎಂದಾಗ ಅವರು ರಾಯರ ಹುಂಡಿಗೆಂದು ಹನ್ನೊಂದು ರೂಪಾಯಿ ತಂದುಕೊಟ್ಟಿದ್ದರು. ನಾನು ಹೊರಟಿದ್ದದ್ದು ನರೀಮನ್ ಪಾಯಿಂಟಿನ ಸಚಿವಾಲಯಕ್ಕೆ. ಹೆಸರು ಒಂದೇ ಆದದ್ದರಿಂದಲೋ ಏನೋ, ಎರಡು ಕಡೆಯೂ ಬರಿಗೈಯಲ್ಲಿ ಹೋಗಬಾರದು ಎಂಬ ನಂಬಿಕೆ ನಮ್ಮ ಮಂಡಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ನಿಮ್ಮ ಪತ್ರದಲ್ಲಿ ನನಗೆ ಕಳವಳ ಹುಟ್ಟಿಸಿದ್ದು ಮನವಿಯಲ್ಲ, ಆ ಇಪ್ಪತ್ತೈದು ಸಾವಿರ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಖಜಾಂಚಿಯವರ ಭಯ.

ಧರ್ಮಾದಾಯ ಸಂಸ್ಥೆ ಸರಕಾರದ ಬಳಿ ಏನನ್ನೂ ಕೇಳಕೂಡದು ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ ಮುಂದೆ ಈ ಪ್ರಶ್ನೆ 1960ರ ದಶಕದಲ್ಲಿಯೇ ಬಂದಿತ್ತು. ಆಂಧ್ರ ಚೇಂಬರ್ ಆಫ್ ಕಾಮರ್ಸ್ ಎಂಬ ವ್ಯಾಪಾರಿಗಳ ಸಂಸ್ಥೆಯ ಉದ್ದೇಶಗಳಲ್ಲಿ, ವ್ಯಾಪಾರಕ್ಕೆ ಸಂಬಂಧಿಸಿದ ಶಾಸನಗಳನ್ನು ಬೆಂಬಲಿಸುವುದು ಅಥವಾ ವಿರೋಧಿಸುವುದು ಎಂಬುದೂ ಒಂದಾಗಿತ್ತು. ಇದು ರಾಜಕೀಯ, ತೆರಿಗೆ ವಿನಾಯಿತಿ ಸಲ್ಲದು ಎಂದು ಇಲಾಖೆ ವಾದಿಸಿತು. ಮುಖ್ಯ ಉದ್ದೇಶ ಸಾರ್ವಜನಿಕ ಉಪಯೋಗದ್ದಾಗಿದ್ದು, ಶಾಸನದ ವಿಷಯ ಅದಕ್ಕೆ ಪೂರಕವಾಗಿ ಮಾತ್ರ ಬರುವುದಾದರೆ ಸಂಸ್ಥೆಯ ಧರ್ಮಾರ್ಥ ಗುಣ ಕೆಡುವುದಿಲ್ಲ ಎಂದು ಕೋರ್ಟು ಹೇಳಿತು. ವ್ಯಾಪಾರಿಗಳ ಸಂಸ್ಥೆಗೇ ಅಷ್ಟು ಅವಕಾಶವಿದ್ದರೆ, ಊಟ ಹಾಕುವ ನಿಮಗೆ ‘ಈ ಜನರಿಗೆ ಮಲಗಲು ಜಾಗ ಕೊಡಿ’ ಎನ್ನಲು ಯಾರ ಅಡ್ಡಿ?

ಆದರೆ ಒಂದು ಮಾತಿದೆ. ಪೂರಕ ಎನ್ನಬೇಕಾದರೆ ಮೂಲ ಎಂಬುದೊಂದು ಇರಬೇಕು. ನಿಮ್ಮ ಟ್ರಸ್ಟ್ ಡೀಡ್ (ಟ್ರಸ್ಟಿನ ಸ್ಥಾಪನಾ ಪತ್ರ) ತೆಗೆದು ಉದ್ದೇಶಗಳ ಪುಟ ಓದಿ. ಇಪ್ಪತ್ತೆಂಟು ವರ್ಷಗಳಿಂದ ಟ್ರಸ್ಟುಗಳ ಲೆಕ್ಕ ನೋಡುತ್ತಿದ್ದೇನೆ, ಗೋದ್ರೆಜ್ ಕಪಾಟಿನ ತಳದಲ್ಲಿ ಮಲಗಿರುವ ಡೀಡ್ ಅನ್ನು ಓದಿದ ಟ್ರಸ್ಟಿಗಳು ಕೈಬೆರಳೆಣಿಕೆಯಷ್ಟೇ. ಪಕ್ಕದ ಮಂಡಳಿಯ ಡೀಡ್ ನೋಡಿ ಟೈಪ್ ಮಾಡಿಸಿದ್ದರಿಂದ ಅದರಲ್ಲಿ ಭಜನೆ, ಪೂಜೆ, ತಾಳಮದ್ದಳೆ ಎಲ್ಲ ಇದ್ದು ವೈದ್ಯಕೀಯ ನೆರವು ಎಂಬ ಪದವೇ ಇಲ್ಲದಿರುವುದನ್ನು ಕಂಡಿದ್ದೇನೆ. ಹಾಗಾಗಿದ್ದರೆ ನಿಮ್ಮ ಮನವಿಗಿಂತ ಮೊದಲು ನಿಮ್ಮ ಊಟ, ವಸತಿಯೇ ಉದ್ದೇಶದ ಹೊರಗೆ ನಿಲ್ಲುತ್ತದೆ. ಉದ್ದೇಶದ ಹೊರಗೆ ಹಣ ಬಳಸುವುದು ತೆರಿಗೆ ನೋಂದಣಿ ರದ್ದಾಗಲು ಕಾರಣವಾಗಬಹುದು. ಡೀಡ್ ಸರಿಯಾಗಿದ್ದರೆ ಖಜಾಂಚಿಯವರು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು. (12ಎ, 80ಜಿ ಎಂಬ ಹೆಸರುಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಬಾಯಿಗೆ ರೂಢಿಯಾದದ್ದನ್ನೇ ನಾನೂ ಬಳಸುತ್ತೇನೆ.)

ಅಮೆರಿಕದ ಹುಡುಗ ಹೇಳಿದ್ದು ಅರ್ಧ ಸರಿ. ಅಲ್ಲಿ ತೆರಿಗೆ ವಿನಾಯಿತಿ ಪಡೆದ ಸೇವಾ ಸಂಸ್ಥೆ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವಾಗಿಯೂ ನಿಲ್ಲುವಂತಿಲ್ಲ ಎಂಬ ನಿಯಮ 1954ರಲ್ಲಿ ಬಂತು. ಶಾಸಕರ ಮನವೊಲಿಸುವ ಕೆಲಸಕ್ಕೆ, ಅಂದರೆ ಲಾಬಿಗೆ, ಪೂರ್ಣ ನಿಷೇಧವಿಲ್ಲ, ಅದು ಸಂಸ್ಥೆಯ ಕೆಲಸದ ದೊಡ್ಡ ಭಾಗವಾಗಬಾರದು, ಅಷ್ಟೆ. ‘ದೊಡ್ಡ’ ಎಂದರೆ ಎಷ್ಟು ಎಂಬ ಜಗಳ ಬೇಡವೆನ್ನುವವರಿಗೆ 1976ರಿಂದ ಲೆಕ್ಕದ ದಾರಿಯೊಂದಿದೆ: ಖರ್ಚಿನ ಮೊದಲ ಐದು ಲಕ್ಷ ಡಾಲರಿಗೆ ಶೇ 20, ಆಮೇಲೆ ಇಳಿಯುತ್ತ ಹೋಗಿ ಒಟ್ಟು ಹತ್ತು ಲಕ್ಷ ಡಾಲರಿನ ಮಿತಿ. ಈ ಖರ್ಚನ್ನು ವಾರ್ಷಿಕ ತೆರಿಗೆ ವಿವರದಲ್ಲಿ ತೋರಿಸಬೇಕು. ಹುಡುಗ ಹೇಳದ ಇನ್ನರ್ಧ ಇದು: ಚರ್ಚುಗಳಿಗೆ ಆ ಲೆಕ್ಕದ ದಾರಿ ಇಲ್ಲ, ಆ ವಾರ್ಷಿಕ ವಿವರ ಸಲ್ಲಿಸುವ ಹೊಣೆಯೂ ಇಲ್ಲ. 1995ರ ಲಾಬಿ ಬಹಿರಂಗ ಕಾಯ್ದೆಯೂ ಚರ್ಚುಗಳ ಮತ್ತು ಧಾರ್ಮಿಕ ಸಂಘಗಳ ಮಾತುಕತೆಯನ್ನು ಲಾಬಿ ಎಂದು ಎಣಿಸುವುದಿಲ್ಲ. ಅಂದರೆ ದೇವರ ಹೆಸರು ಎಷ್ಟು ಹತ್ತಿರವಿದೆಯೋ ಅಷ್ಟು ಕಡಿಮೆ ಕಾಗದ. ಐರೋಪ್ಯ ಒಕ್ಕೂಟದ್ದು ಬೇರೆ ದಾರಿ. ಅಲ್ಲಿನ ಪಾರದರ್ಶಕತೆ ದಾಖಲೆಯಲ್ಲಿ (ಲಾಬಿ ಮಾಡುವವರ ನೋಂದಣಿ ಪಟ್ಟಿ) ಚರ್ಚು ಮತ್ತು ಧಾರ್ಮಿಕ ಸಮುದಾಯಗಳನ್ನು ಪ್ರತಿನಿಧಿಸುವ ಸಂಸ್ಥೆಗಳಿಗೆ ಪ್ರತ್ಯೇಕ ವಿಭಾಗವೇ ಇತ್ತು.

ಅಮೆರಿಕದ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಏರ್ಪಾಡು ನನಗೆ ಇಷ್ಟ. 1917ರಲ್ಲಿ ಅವರು ಕಟ್ಟಿದ ಪರಿಹಾರ ಸಂಸ್ಥೆ 1947ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಬ್ರಿಟನ್ನಿನ ಸಹಪಂಥೀಯರ ಜೊತೆ ಹಂಚಿಕೊಂಡಿತು. ಶಾಸಕರ ಮುಂದೆ ವಾದಿಸಲು 1943ರಲ್ಲಿ ಬೇರೆಯೇ ಒಂದು ಸಂಸ್ಥೆ ಕಟ್ಟಿದರು. ಅನ್ನ ಬಡಿಸುವ ಕೈ ಒಂದು, ಅರ್ಜಿ ಹಿಡಿಯುವ ಕೈ ಇನ್ನೊಂದು. ನಿಮ್ಮಷ್ಟು ಚಿಕ್ಕ ಮಂಡಳಿಗೆ ಎರಡು ಸಂಸ್ಥೆ ಬೇಕಿಲ್ಲ, ಎರಡು ಆಡಿಟ್ ಎಂದರೆ ಎರಡು ತಲೆನೋವು. ಖಾತೆಪುಸ್ತಕದಲ್ಲಿ ಎರಡು ತಲೆಬರಹ ಸಾಕು.

ನಮ್ಮಲ್ಲಿ ಲಾಬಿಗೆಂದೇ ಕಾಯ್ದೆ ಇಲ್ಲ. 2012ರ ಕೊನೆಯಲ್ಲಿ ವಾಲ್‌ಮಾರ್ಟ್ ಕಂಪನಿ ಅಮೆರಿಕದಲ್ಲಿ ಸಲ್ಲಿಸಿದ್ದ ಲಾಬಿ ಖರ್ಚಿನ ವಿವರ ಇಲ್ಲಿನ ಸಂಸತ್ತಿನಲ್ಲಿ ಗದ್ದಲ ಎಬ್ಬಿಸಿತು, ಮರುವರ್ಷ ಲೋಕಸಭೆಯಲ್ಲಿ ಲಾಬಿ ಬಹಿರಂಗಕ್ಕೆ ಒಂದು ಖಾಸಗಿ ಮಸೂದೆ ಬಂತು, ಕಾಯ್ದೆಯಾಗಲಿಲ್ಲ. ಹಾಗೆಂದು ಮೈದಾನ ಬಯಲು ಎಂದುಕೊಳ್ಳಬೇಡಿ. ಬೇಲಿ ಇದೆ. ಒಂದೇ ಕಡೆ ಕಾಣುವುದಿಲ್ಲ, ನಾಲ್ಕೈದು ಕಾಯ್ದೆಗಳಲ್ಲಿ ಚದುರಿಕೊಂಡಿದೆ, ಅಷ್ಟೆ.

ಅದರಲ್ಲಿ ಎಲ್ಲಕ್ಕಿಂತ ಚೂಪಾದ ಮುಳ್ಳು ಯಾರಿಗೂ ಗೊತ್ತಿರುವುದಿಲ್ಲ: 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ. ಧಾರ್ಮಿಕ ಸಂಸ್ಥೆಯ ಜಾಗ, ಹಣ, ಉತ್ಸವ, ಮೆರವಣಿಗೆ ಯಾವುದನ್ನೂ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಹೊಣೆ ಹೊತ್ತವರಿಗೆ ಐದು ವರ್ಷದವರೆಗೆ ಜೈಲಾಗಬಹುದು. ರಾಜಕೀಯ ಚಟುವಟಿಕೆ ಎಂಬುದರ ವ್ಯಾಖ್ಯೆ ಪಕ್ಷಕ್ಕೆ ನಿಲ್ಲದೆ ‘ರಾಜಕೀಯ ಸ್ವರೂಪದ ಪ್ರಶ್ನೆ’ಯವರೆಗೂ ಚಾಚಿದೆ. ಸನ್ಮಾನದ ಸಲಹೆ ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬಹುದು. ಆದರೆ ಆ ಸಂಜೆ ಹೇಗಿರುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಮಹಾಮಂಗಳಾರತಿ ಮುಗಿದಿರುತ್ತದೆ. ಪ್ರಸಾದಕ್ಕೆ ಸಾಲು ನಿಂತಿರುತ್ತದೆ. ಶಾಸಕರು ಎರಡು ಗಂಟೆ ತಡವಾಗಿ ಬರುತ್ತಾರೆ, ಹಿಂದೆ ಇಪ್ಪತ್ತು ಹುಡುಗರು, ಎಲ್ಲರ ಕೊರಳಲ್ಲೂ ಪಕ್ಷದ ಶಲ್ಯ. ಪೇಟ, ಶಾಲು, ಫಲತಾಂಬೂಲ. ಮೈಕು ಕೈಗೆ ಬಂದ ಕೂಡಲೇ ಯಾರೋ ಒಬ್ಬರು ‘ನಮ್ಮ ಸಮಾಜದ ಇಷ್ಟು ಸಾವಿರ ಮತ ನಿಮಗೇ’ ಎಂದು ಬಿಡುತ್ತಾರೆ. ಅದು ಮೊಬೈಲಿನಲ್ಲಿ ರೆಕಾರ್ಡ್ ಆಗುತ್ತದೆ. ಅಲ್ಲಿಗೆ ರೋಗಿಗಳ ವಸತಿಯ ಮನವಿ ಸತ್ತಿತು, ಉಳಿದದ್ದು ವಿಡಿಯೋ.

ಚುನಾವಣೆ ಹತ್ತಿರವಿದ್ದರೆ ಶಾಸಕರಿಗೂ ಅಪಾಯ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರನ್ನೂ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು–ಮೂರರ ಬಹುಮತದಿಂದ ತೀರ್ಪಿತ್ತಿತು. ಆ ಪ್ರಕರಣ ಹುಟ್ಟಿದ್ದು ನಮ್ಮ ಸಾಂತಾಕ್ರೂಜ್ ಕ್ಷೇತ್ರದ 1990ರ ಚುನಾವಣೆಯಿಂದ. ಆದ್ದರಿಂದ ಶಾಸಕರನ್ನು ಪೂಜೆಗೆ ಕರೆಯುವುದಾದರೆ ಭಕ್ತರಾಗಿ ಕರೆಯಿರಿ, ಮನವಿಯನ್ನು ಅವರ ಕಚೇರಿಗೆ ಹೋಗಿ ಕೊಡಿ. ಎರಡೂ ಒಂದೇ ದಿನ ಬೇಡ.

ಮನವಿಯ ಒಕ್ಕಣೆಯಲ್ಲೂ ಎಚ್ಚರ ಬೇಕು. ‘ನಮ್ಮ ಸಮಾಜದ ರೋಗಿಗಳಿಗೆ’ ಎಂದು ಬರೆದಿದ್ದರೆ ಹೊಡೆದು ಹಾಕಿ. 1962ರ ಏಪ್ರಿಲ್ 1ರ ನಂತರ ಸ್ಥಾಪನೆಯಾದ ಧರ್ಮಾರ್ಥ ಸಂಸ್ಥೆ ಒಂದೇ ಧರ್ಮದ ಅಥವಾ ಜಾತಿಯ ಹಿತಕ್ಕಾಗಿ ಇದ್ದರೆ ತೆರಿಗೆ ವಿನಾಯಿತಿಗೆ ಕುತ್ತು. ನಿಮ್ಮದೇ ಲೆಟರ್‌ಹೆಡ್ಡಿನಲ್ಲಿ ನಿಮ್ಮ ವಿರುದ್ಧ ಸಾಕ್ಷಿ ಬರೆದುಕೊಡಬೇಡಿ. ನಿಮ್ಮ ಮನೆಯಲ್ಲಿ ಉಳಿದವರ ರಿಜಿಸ್ಟರ್ ಇದೆಯಲ್ಲ, ಅದರಿಂದ ಲೆಕ್ಕ ತೆಗೆಯಿರಿ: ಕಳೆದ ವರ್ಷ ಎಷ್ಟು ಜನ, ಯಾವ ಜಿಲ್ಲೆಯವರು, ಸರಾಸರಿ ಎಷ್ಟು ದಿನ, ಜಾಗವಿಲ್ಲವೆಂದು ಎಷ್ಟು ಜನರನ್ನು ವಾಪಸು ಕಳಿಸಿದಿರಿ. ಈ ಕೊನೆಯ ಲೆಕ್ಕವನ್ನು ಯಾರೂ ಇಡುವುದಿಲ್ಲ, ಅಧಿಕಾರಿ ಕೇಳುವುದು ಅದನ್ನೇ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆ ಈ ರಾಜ್ಯದವರಿಗೆ, ಆದರೆ ಆಯುಷ್ಮಾನ್ ಫಲಾನುಭವಿಗೆ ಆ ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ಸೌಲಭ್ಯವಿದೆ. ಆ ಅವಕಾಶ ಕೌಂಟರಿನಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ನಾಲ್ಕು ಉದಾಹರಣೆಗಳಿಂದ ತೋರಿಸಿ. ರೋಗಿಯ ಹೆಸರು, ಫೋಟೋ ಬೇಡ.

ಇನ್ನೊಂದು. ರೋಗಿಗಳ ಸಹಿ ಸಂಗ್ರಹಿಸುವ ಉತ್ಸಾಹ ಯಾರಿಗಾದರೂ ಬಂದರೆ ಊಟದ ಸಾಲಿನಲ್ಲಿ ಮಾತ್ರ ಬೇಡ. ತಟ್ಟೆ ಹಿಡಿದು ನಿಂತವನು ಇಲ್ಲ ಎನ್ನಲಾರ. ರೆಡ್‌ಕ್ರಾಸ್ ಚಳವಳಿ ಮತ್ತು ಪರಿಹಾರ ಸಂಸ್ಥೆಗಳು 1994ರಲ್ಲಿ ಒಪ್ಪಿದ ನಡವಳಿಕೆ ಸಂಹಿತೆಯಲ್ಲಿ ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವಿನ ಸಾಧನೆಗೆ ಬಳಸುವುದಿಲ್ಲ ಎಂಬ ಮಾತಿದೆ. ಅದನ್ನು ರೂಪಿಸಿದವರಲ್ಲಿ ಕಾರಿತಾಸ್, ಲುಥೆರನ್ ವಿಶ್ವ ಒಕ್ಕೂಟದಂಥ ಧಾರ್ಮಿಕ ಸಂಸ್ಥೆಗಳೂ ಇದ್ದವು. ಅವರಾರೂ ಸರಕಾರಗಳ ಜೊತೆ ಮಾತಾಡುವುದನ್ನು ಬಿಡಲಿಲ್ಲ. ಅನ್ನಕ್ಕೂ ಅಭಿಪ್ರಾಯಕ್ಕೂ ಗಂಟು ಹಾಕಲಿಲ್ಲ, ಅಷ್ಟೆ.

ಎಲ್ಲಿಗೆ ಹೋಗಬೇಕು? ಪರೇಲ್ ಭಾಗ ಪಾಲಿಕೆಯ ಎಫ್ ದಕ್ಷಿಣ ವಾರ್ಡಿಗೆ ಸೇರಿದ್ದು, ಮೊದಲು ಅಲ್ಲಿ. ಪಾಲಿಕೆಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ ಆರಂಭದಲ್ಲಿ ಮಂಡನೆಯಾಗುವುದರಿಂದ ದೀಪಾವಳಿಯ ಹೊತ್ತಿಗೆ ಕಾಗದ ಅಲ್ಲಿರಬೇಕು. ವಿಧಾನಮಂಡಲದಲ್ಲಿ ಸಾರ್ವಜನಿಕರ ಅಹವಾಲಿಗೆಂದೇ ವಿನಂತಿ ಅರ್ಜ ಸಮಿತಿ ಇದೆ. ಶಾಸಕರು ಲಕ್ಷವೇಧಿ (ಗಮನ ಸೆಳೆಯುವ) ಸೂಚನೆಯ ಮೂಲಕ ಸದನದಲ್ಲಿ ವಿಷಯ ಎತ್ತಬಹುದು. ಚಳಿಗಾಲದ ಅಧಿವೇಶನ ನಾಗಪುರದಲ್ಲಿ, ಅದಕ್ಕೆ ಮೊದಲೇ ಭೇಟಿಯಾಗಿ. ಒಬ್ಬರೇ ಹೋಗುವುದಕ್ಕಿಂತ, ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಂತೆ ವರ್ಷಗಟ್ಟಲೆಯಿಂದ ಕ್ಯಾನ್ಸರ್ ರೋಗಿಗಳಿಗೆ ನೆರಳು ಕೊಟ್ಟ ಸಂಸ್ಥೆಗಳನ್ನೂ ಮಾತಾಡಿಸಿ, ಅವರು ಒಪ್ಪಿದರೆ ಒಟ್ಟಿಗೆ ಕೊಡಿ. ತೂಕ ಹೆಚ್ಚುತ್ತದೆ, ಜಾತಿಯ ವಾಸನೆಯೂ ಹೋಗುತ್ತದೆ. ತೊಂದರೆ ಇಷ್ಟೇ: ಜಂಟಿ ಪತ್ರದಲ್ಲಿ ಇನ್ನೊಬ್ಬರು ಸೇರಿಸಿದ ಸಾಲಿಗೂ ನೀವು ಹೊಣೆಯಾಗುತ್ತೀರಿ. ಅಂತಿಮ ಪ್ರತಿಯನ್ನು ಓದದೆ ಸಹಿ ಹಾಕಬೇಡಿ.

ವಿದೇಶಿ ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಆ ಹುಡುಗ ಇನ್ನೂ ಭಾರತದ ಪಾಸ್‌ಪೋರ್ಟ್ ಹೊಂದಿದ್ದು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಆಗುತ್ತದೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಒಂದು ಡಾಲರೂ ಮುಟ್ಟಬೇಡಿ. ರಾಜಕೀಯ ಸ್ವರೂಪದ ಸಂಸ್ಥೆ ವಿದೇಶಿ ಹಣ ಪಡೆಯುವಂತಿಲ್ಲ. ಸಕ್ರಿಯ ರಾಜಕಾರಣದಲ್ಲಿ ಇಲ್ಲದೆ ಜನರ ಹಕ್ಕಿಗಾಗಿ ದನಿ ಎತ್ತುವ ಸಂಸ್ಥೆಗೆ ಆ ಹಣೆಪಟ್ಟಿ ಹಚ್ಚಬಾರದು ಎಂದು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಹೇಳಿದೆ. ಆದರೂ ನಿಮ್ಮ ಮನವಿಯ ಖರ್ಚಿಗೆ ಊರಿನ ಹಣವೇ ಸಾಕು. ಆಟೋ, ಜೆರಾಕ್ಸ್, ಒಂದು ಮರಾಠಿ ಅನುವಾದ, ಮತ್ತೇನಿದೆ?

ಈಗ ಲೆಕ್ಕ, ಬಹಿರಂಗ. ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ (ಹಳಬರ ಬಾಯಲ್ಲಿ ಈಗಲೂ 1950ರ ಬಾಂಬೆ ಕಾಯ್ದೆ) ನಮೂನೆಯಲ್ಲಿ ಉದ್ದೇಶಗಳ ಖರ್ಚನ್ನು ಧಾರ್ಮಿಕ, ಶಿಕ್ಷಣ, ವೈದ್ಯಕೀಯ ನೆರವು, ಬಡತನ ನಿವಾರಣೆ, ಇತರ ಎಂದು ಬಿಡಿಸಿ ತೋರಿಸಬೇಕು. ಮನವಿ, ಭೇಟಿ ಎಂಬ ಕಾಲಂ ಇಲ್ಲ. ಕಾಲಂ ಇಲ್ಲ ಎಂದು ಬಚ್ಚಿಡುವುದು ನಮ್ಮವರ ಅಭ್ಯಾಸ, ನನ್ನ ಸಲಹೆ ಅದಕ್ಕೆ ವಿರುದ್ಧ. ನಿರ್ಣಯ ಪುಸ್ತಕದಲ್ಲಿ ಹೀಗೆ ಬರೆಯಿರಿ: ‘ರೋಗಿಗಳ ಕಡೆಯವರ ವಸತಿಗೆ ಸಂಬಂಧಿಸಿ ವಾರ್ಡ್ ಕಚೇರಿಗೆ ಮನವಿ ಸಲ್ಲಿಸಲು ನಿರ್ಧರಿಸಲಾಯಿತು. ಅಧ್ಯಕ್ಷರು ಮತ್ತು ಕಾರ್ಯದರ್ಶಿ ಹೋಗುವುದು. ಖರ್ಚು ರೂ. 5,000 ಮೀರಬಾರದು.’ ಮನವಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಆವಕ ವಿಭಾಗದ ಮೊಹರು, ಕ್ರಮಾಂಕ, ದಿನಾಂಕ ಹಾಕಿಸಿಕೊಳ್ಳಿ. ಭೇಟಿಯಾದ ಸಂಜೆಯೇ ಯಾರನ್ನು ಕಂಡಿರಿ, ಏನು ಕೇಳಿದಿರಿ, ಅವರು ಏನೆಂದರು ಎಂದು ನಾಲ್ಕು ಸಾಲು. ವಾರ್ಷಿಕ ವರದಿಯಲ್ಲಿ ಒಂದು ಪ್ಯಾರಾ, ಖರ್ಚಿನ ಮೊತ್ತದೊಂದಿಗೆ. ಹೇಗೂ ಆ ಮನವಿಯನ್ನು ಯಾರು ಬೇಕಾದರೂ ಮಾಹಿತಿ ಹಕ್ಕಿನಡಿ ಪಡೆಯಬಹುದು. ಹೊರಗಿನವನು ತೆಗೆದು ತೋರಿಸುವ ಮೊದಲು ನೀವೇ ದಾನಿಗಳಿಗೆ ತೋರಿಸಿದರೆ ಅದರ ಬೆಲೆ ಬೇರೆ.

ಟ್ರಸ್ಟಿಗಳ ಸ್ವಂತ ವ್ಯವಹಾರವನ್ನೂ ಅಲ್ಲೇ ಬರೆಸಿ. ನಾನು ನೋಡಿದ ಒಂದು ಟ್ರಸ್ಟಿನ ಮನವಿಯಲ್ಲಿ ನಾಲ್ಕು ಬೇಡಿಕೆ ಅನಾಥ ಮಕ್ಕಳಿಗೆ ಸಂಬಂಧಿಸಿದ್ದವು, ಐದನೆಯದು ಹೋಟೆಲುಗಳು ರಾತ್ರಿ ತೆರೆದಿರುವ ಅವಧಿಯ ಕುರಿತು! ಟ್ರಸ್ಟಿಯೊಬ್ಬರ ಹೋಟೆಲು ಅದೇ ಬೀದಿಯಲ್ಲಿತ್ತು. ಅಧಿಕಾರಿ ನಕ್ಕು ಇಡೀ ಕಾಗದವನ್ನೇ ಬದಿಗಿಟ್ಟರು.

ಕೊನೆಗೆ ಆ ಇಪ್ಪತ್ತೈದು ಸಾವಿರ. ಮರಾಠಿಯಲ್ಲಿ ಮನವಿ ಬರೆದುಕೊಡಲು, ನಿಯಮ ಹುಡುಕಿಕೊಡಲು ವಕೀಲರಿಗೋ ಸಲಹೆಗಾರರಿಗೋ ಬಿಲ್ ಪಡೆದು ಚೆಕ್ ಕೊಡುವುದು ತಪ್ಪಲ್ಲ. ‘ಕೆಲಸ ಮಾಡಿಸಿಕೊಡುತ್ತೇನೆ, ಒಟ್ಟು ಮೂರು ಲಕ್ಷ’ ಎನ್ನುವವನು ಮಾರುತ್ತಿರುವುದು ಬರವಣಿಗೆಯನ್ನಲ್ಲ. 2018ರಲ್ಲಿ ತಿದ್ದುಪಡಿಯಾದ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಟ್ಟವನಿಗೂ ಏಳು ವರ್ಷದವರೆಗೆ ಶಿಕ್ಷೆ ಇದೆ. ವೈಯಕ್ತಿಕ ಪ್ರಭಾವ ಬೀರಿ ಸರಕಾರಿ ನೌಕರನಿಂದ ಕೆಲಸ ಮಾಡಿಸಲು ಹಣ ಪಡೆಯುವ ಮಧ್ಯವರ್ತಿಗೂ ಶಿಕ್ಷೆ ಇದೆ. ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ರಕ್ಷಣೆ ಸಿಗುತ್ತದೆ, ಆದರೆ ನಿಮ್ಮನ್ನು ಯಾರೂ ಬಲವಂತ ಮಾಡಿಲ್ಲ. ಕೆಲಸ ಆಗದಿದ್ದರೆ ಹಣ ವಾಪಸು ಕೇಳಲು ಕೋರ್ಟಿಗೆ ಹೋಗುತ್ತೇವೆ ಎಂದರೆ ಅಲ್ಲೂ ನಿಲ್ಲುವುದಿಲ್ಲ, ಇಂಥ ಒಪ್ಪಂದಕ್ಕೆ ಕಾನೂನಿನ ಬಲವೇ ಇಲ್ಲ. ಮೇಲಾಗಿ ಹತ್ತು ಸಾವಿರ ಮೀರಿದ ನಗದು ಪಾವತಿಯನ್ನು ತೆರಿಗೆ ಇಲಾಖೆ ಧರ್ಮಾರ್ಥ ಖರ್ಚೆಂದು ಒಪ್ಪುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ‘ಅನ್ನದಾನ’ ಎಂಬ ಆ ಪದ. ಇಷ್ಟರವರೆಗೆ ನಡೆದದ್ದು ಅವಿವೇಕ. ಆ ಬರಹದಿಂದ ಅದು ಸುಳ್ಳು ಲೆಕ್ಕವಾಯಿತು. ಅನ್ನದಾನಕ್ಕೆಂದು ಕೊಟ್ಟವರ ಹಣ ಅದು. ಅಕ್ಕಿ, ಬೇಳೆಯ ಬಿಲ್ಲಿಗೂ ಊಟದ ಸಂಖ್ಯೆಗೂ ತಾಳೆ ನೋಡುವ ಯಾವ ಲೆಕ್ಕಪರಿಶೋಧಕನೂ ಆ ಸಾಲಿನ ಬಳಿ ನಿಲ್ಲುತ್ತಾನೆ.

ಈ ವಾರವೇ ಸಮಿತಿ ಸಭೆ ಕರೆಯಿರಿ. ಆ ವ್ಯಕ್ತಿಗೆ ಕೆಲಸ ಮುಂದುವರಿಸಬಾರದೆಂದೂ ಹಣ ಹಿಂದಿರುಗಿಸಬೇಕೆಂದೂ ಬರವಣಿಗೆಯಲ್ಲಿ ತಿಳಿಸಿ. ಅವನು ಆ ಹಣವನ್ನು ಈಗಾಗಲೇ ಯಾರಿಗಾದರೂ ದಾಟಿಸಿದ್ದರೆ ಮುಂದಿನ ಹೆಜ್ಜೆಗೆ ಮೊದಲು ಕ್ರಿಮಿನಲ್ ವಕೀಲರನ್ನು ಕಾಣಿರಿ. ಅದು ನನ್ನಂಥ ಲೆಕ್ಕಿಗನ ಕೈಮೀರಿದ್ದು. ಖಾತೆಯಲ್ಲಿ ತಿದ್ದುಪಡಿ ನಮೂದು ಹಾಕಿ ಅನ್ನದಾನದಿಂದ ತೆಗೆದು ‘ವಸೂಲಾಗಬೇಕಾದ ಮುಂಗಡ’ಕ್ಕೆ ಒಯ್ಯಿರಿ. ಹಣ ಬರದಿದ್ದರೆ ಕೊಡಲು ಒಪ್ಪಿದ ಟ್ರಸ್ಟಿಗಳು ತಮ್ಮ ಜೇಬಿನಿಂದ ತುಂಬಬೇಕು, ಅಧ್ಯಕ್ಷರಿಗೆ ಬೇಸರವಾದರೂ ಸರಿ. ಆಡಿಟರಿಗೆ ನೀವೇ ಮೊದಲು ಹೇಳಿ. ಹಳೆಯ ವೋಚರನ್ನು ಹರಿಯಬೇಡಿ, ಹೊಸದನ್ನು ಅದರ ಹಿಂದೆ ಪಿನ್ ಮಾಡಿ ಇಡಿ.